ಸಂತ ಲೂಕನ ದಿನಕ್ಕೆ ಬಂದ ಕರೆ

ಟೆಲಿಫೋನ್ ಕೆಳಗಿಟ್ಟ ಮೇಲೂ ನೆಗೊವನ್ ಅದರ ಮೇಲಿನ ಕೈ ತೆಗೆಯಲಿಲ್ಲ. ಅಡುಗೆಮನೆಯಲ್ಲಿ ಹೆಂಡತಿ ಯಾಗೊದಾ ಸುಟ್ಟ ಕೆಂಪು ದೊಣ್ಣೆಮೆಣಸಿನಕಾಯಿಗಳ ಸಿಪ್ಪೆ ಸುಲಿಯುತ್ತಿದ್ದಳು. ಚಳಿಗಾಲಕ್ಕೆ ಅರೆದು ಸೀಸೆಗಳಲ್ಲಿ ತುಂಬಿಡುವ ಕೆಲಸ ಈ ವರ್ಷ ತಡವಾಗಿತ್ತು. ಅಕ್ಟೋಬರ್ ಮುಗಿಯುತ್ತ ಬಂದಿದ್ದರೂ ಮನೆಯ ಪರದೆಗಳಿಗೆಲ್ಲ ಸುಟ್ಟ ವಾಸನೆ ಹತ್ತಿಕೊಂಡಿತ್ತು.

"ಯಾರು?" ಎಂದಳು ಅವಳು.

"ತಿಹೊಮಿರ್. ಮಂಗಳವಾರ ಸ್ಲಾವಾಕ್ಕೆ ಬಾ ಅಂತ ಕರೆದ."

ಯಾಗೊದಾಳ ಕೈ ನಿಂತಿತು. "ಕರೆದನಾ?"

"ಕರೆದ. ಮಧ್ಯಾಹ್ನ ಬೇಡ, ಸಂಜೆ ಬಾ ಅಂದ. ಸಂಜೆನೇ ಬಾ ಅಂತ ಎರಡು ಸಲ ಹೇಳಿದ."

"ಹೊಸ ಪದ್ಧತಿ," ಎಂದಷ್ಟೇ ಹೇಳಿ ಅವಳು ಮತ್ತೆ ಸಿಪ್ಪೆ ಸುಲಿಯತೊಡಗಿದಳು.

ಮನೆತನದ ಸಂತನ ದಿನವಾದ ಸ್ಲಾವಾಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಒಮ್ಮೆ ಬಂದವನು ಪ್ರತಿ ವರ್ಷ ತಾನಾಗಿಯೇ ಬರುತ್ತಾನೆ, ಮನೆಯವರು ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಾರೆ. ಕರೆಯಬೇಕಾದವರು ಅಂದರೆ ಹೊರಗಿನವರು, ಹೊಸದಾಗಿ ಬಂದ ಮೇಲಧಿಕಾರಿ, ಬೇರೆ ಊರಿನ ಬೀಗರು. ತಿಹೊಮಿರ್ ಅವನಿಗೆ ಕುಮ್, ಕರೆಯುವಾಗ ಕುಮೆ. ಮದುವೆಯಲ್ಲಿ ಪಕ್ಕದಲ್ಲಿ ಸಾಕ್ಷಿಯಾಗಿ ನಿಂತವನು, ಮಗಳಿಗೆ ಹೆಸರಿಟ್ಟವನು. ರಕ್ತ ಹಂಚಿಕೊಂಡವರನ್ನಾದರೂ ಬಿಡಬಹುದು, ಕುಮ್‌ನನ್ನು ಬಿಡುವ ಹಾಗಿಲ್ಲ. ಹುಡುಗರಾಗಿದ್ದಾಗಿನಿಂದ ನೆಗೊವನ್ ಸಂತ ಲೂಕನ ದಿನ ಮಧ್ಯಾಹ್ನ ತಿಹೊಮಿರ್‌ನ ಮನೆಗೆ ಹೋಗಿ, ಅವನ ತಾಯಿ ವಿದೋಸಾವಾ ಬಡಿಸಿದ್ದನ್ನು ತಿಂದು ಬಂದಿದ್ದ. ಕರೆದವರು ಯಾರು, ಕಾದವರು ಯಾರು ಎಂದು ಯೋಚಿಸಿದ್ದೇ ಇಲ್ಲ.

ಈಗ ಯೋಚಿಸಿದ. ಕರೆದಿದ್ದಾನೆ ಅಂದರೆ, ಕರೆಯದಿದ್ದರೆ ಬರುತ್ತಿರಲಿಲ್ಲವೇನೋ ಅನ್ನುವ ಅನುಮಾನ ಅವನಿಗಿದೆ. ನಾನು ಬಾರದಿರಲು ಕಾರಣವೇನಾದರೂ ಇದೆ ಎಂದು ಅವನಿಗೆ ಗೊತ್ತಿದ್ದರೆ ಮಾತ್ರ ಅಂಥ ಅನುಮಾನ ಬರುತ್ತದೆ.

ಅಂಥ ಕಾರಣ ಇತ್ತು. ಹಿಂದಿನ ವಾರವಷ್ಟೇ ನಗರದ ಸಂಸ್ಕೃತಿ ಭವನದಲ್ಲಿ ಅದು ಅವನ ಕಣ್ಣಿಗೆ ಬಿದ್ದಿತ್ತು. ಅವನು ವಾರಕ್ಕೆ ಮೂರು ಸಂಜೆ ಅಲ್ಲಿ ಮಕ್ಕಳಿಗೆ ಗಿಟಾರ್ ಕಲಿಸುತ್ತಿದ್ದ. ಕಾರ್ಯಕ್ರಮಗಳನ್ನು ನೋಡಿಕೊಳ್ಳುವ ದೆಸಾಂಕಾಳ ಕೋಣೆಗೆ ಬೀಗದ ಕೈ ಕೊಡಲು ಹೋದಾಗ ಮೇಜಿನ ಮೇಲೆ ಒಂದು ಪೋಸ್ಟರಿನ ಕರಡು ಹರಡಿತ್ತು. ಊರಿನ ಕೋಟೆಯಲ್ಲಿ ಸಂಗೀತ ಕಾರ್ಯಕ್ರಮ, ಜೂನ್ ತಿಂಗಳು, ಕೆಳಗೆ ದಪ್ಪ ಅಕ್ಷರದಲ್ಲಿ 'ಸ್ಕೆಲಾ'. ಸ್ಕೆಲಾ ಅಂದರೆ ನದಿ ದಾಟಿಸುವ ತೆಪ್ಪ. ಅದು ಅವನದೇ ಬ್ಯಾಂಡು, ಹೆಸರಿಟ್ಟವನೂ ಅವನೇ, ಆದರೂ ಅವನಿಗೆ ಯಾರೂ ಹೇಳಿರಲಿಲ್ಲ. ಚಿತ್ರ ಮಾತ್ರ ಹಳೆಯದು. ಐದು ಜನ, ಉದ್ದ ಕೂದಲು. ಅವರಲ್ಲಿ ಮೂವರನ್ನು ಅವನೇ ಹೊರಗೆ ಹಾಕಿ ಇಪ್ಪತ್ತು ವರ್ಷದ ಮೇಲಾಗಿತ್ತು. ದೆಸಾಂಕಾ ಅವಸರದಲ್ಲಿ ಒಂದು ಫೈಲನ್ನು ಅದರ ಮೇಲೆ ಇಟ್ಟಿದ್ದಳು.

"ಏನದು?" ಎಂದು ಕೇಳಿದ್ದ.

"ಇನ್ನೂ ಏನೂ ಅಲ್ಲ. ನಿಮ್ಮ ಗೆಳೆಯನ್ನ ಕೇಳಿ," ಎಂದಿದ್ದಳು.

ಗೆಳೆಯನನ್ನು ಕೇಳಿದ್ದ. ಟೀವಿ, ರೇಡಿಯೊ ರಿಪೇರಿಯ ಅಂಗಡಿಯಲ್ಲಿ ಕೂತು ಬೆಸುಗೆ ಹಾಕುತ್ತಿದ್ದ ತಿಹೊಮಿರ್ ತಲೆ ಎತ್ತದೆ, "ಮಾತಾಡೋಣ ಕುಮೆ. ಈಗಲ್ಲ," ಎಂದಿದ್ದ. ಮೂರು ದಿನಕ್ಕೆ ಈ ಫೋನ್.

*

ನೆಗೊವನ್ ಹುಟ್ಟುವಾಗಲೇ ಸಂಶಯದವನಾಗಿರಲಿಲ್ಲ. ಪ್ರೌಢಶಾಲೆಯ ವ್ಯಾಯಾಮದ ಹಾಲಿನಲ್ಲಿ ಬ್ಯಾಂಡು ಕಟ್ಟಿದಾಗ ಅವನ ಹತ್ತಿರ ಇದ್ದದ್ದು ಒಂದು ಜೆಕ್ ಗಿಟಾರು, ತಿಹೊಮಿರ್ ಹಳೆಯ ರೇಡಿಯೊದಿಂದ ಮಾಡಿಕೊಟ್ಟ ಒಂದು ಆಂಪ್ಲಿಫೈಯರು, ಮತ್ತು ಎಲ್ಲರ ಮೇಲೂ ನಂಬಿಕೆ. ಆ ವರ್ಷದ ಗಿಟಾರ್ ಸ್ಪರ್ಧೆಯಲ್ಲಿ ಗೆದ್ದರು. ಮೊದಲ ಪುಟ್ಟ ರೆಕಾರ್ಡು ಬಂತು. ಆಮೇಲೆ ಎಲ್ಲ ಹುಡುಗರಿಗೂ ಬರುವ ಹಾಗೆ ಸೈನ್ಯಸೇವೆಯ ಕರೆ ಬಂತು. ಅವನು ಸ್ಲೊವೇನಿಯಾದ ಗಡಿಗೆ ಹೋದ, ತಿಹೊಮಿರ್ ಮ್ಯಾಸೆಡೋನಿಯಾಕ್ಕೆ.

ಒಂದು ಭಾನುವಾರ, ಬೂಟಿಗೆ ಎಣ್ಣೆ ಹಚ್ಚುತ್ತ ಕೂತಿದ್ದಾಗ ಸೈನಿಕರ ವಸತಿಯ ರೇಡಿಯೊದಲ್ಲಿ ಅವನ ಹಾಡು ಬಂತು. ಧ್ವನಿ ಅವನದಲ್ಲ. ಊರಿನಲ್ಲಿ ಉಳಿದವರು ಬೇರೆ ಹಾಡುಗಾರನನ್ನು ಇಟ್ಟುಕೊಂಡು, ಅವನಿಗೆ ಒಂದು ಮಾತೂ ಹೇಳದೆ ಹೊಸದಾಗಿ ರೆಕಾರ್ಡು ಮಾಡಿದ್ದರು. ಪಕ್ಕದ ಮಂಚದವನು, "ಚೆನ್ನಾಗಿ ಹಾಡ್ತಾನೆ ಕಣೋ, ಯಾರಿವನು?" ಎಂದು ಕೇಳಿದ. ಅದಕ್ಕೆ ಏನು ಉತ್ತರ ಕೊಟ್ಟೆ ಎಂಬುದು ನೆಗೊವನ್‌ಗೆ ನೆನಪಿಲ್ಲ. ಬೂಟಿನ ಎಣ್ಣೆಯ ವಾಸನೆ ನೆನಪಿದೆ.

ಸೇವೆ ಮುಗಿಸಿ ಬಂದವನು ಯಾರನ್ನೂ ಬೈಯಲಿಲ್ಲ. ಅಭ್ಯಾಸ ಮಾಡುವ ನೆಲಮಾಳಿಗೆಯ ಬೀಗ ಬದಲಿಸಿದ, ಅಷ್ಟೆ. ಬಂದವರು ತಮ್ಮ ಬೀಗದ ಕೈ ತಿರುಗದಿರುವುದನ್ನು ಕಂಡು ಅರ್ಥಮಾಡಿಕೊಂಡು ಹೋದರು. ಅಂದಿನಿಂದ ಅದೇ ಅವನ ರೀತಿಯಾಯಿತು. ಆಮೇಲೆ ಸೇರಿದ ಗ್ರುಯಾ ಒಳ್ಳೆಯ ಬಾಸ್ ಗಿಟಾರ್ ವಾದಕ. ಬೆಲ್‌ಗ್ರೇಡಿನ ರೆಕಾರ್ಡು ಕಂಪನಿಯವನ ಜೊತೆ ಕಾಫಿ ಕುಡಿಯುತ್ತಿದ್ದದ್ದು ಕಣ್ಣಿಗೆ ಬಿತ್ತು, ಬೀಗ ಬದಲಾಯಿತು. ಎಮಿಲ್ ಹೇಳದೆ ಕೇಳದೆ ಹೊಸ ಆರ್ಗನ್ ಕೊಂಡ. ಇಷ್ಟು ಒಳ್ಳೆಯ ವಾದ್ಯ ಯಾರ ಬ್ಯಾಂಡಿಗಾಗಿ ಎಂದು ನೆಗೊವನ್ ತನ್ನನ್ನೇ ಕೇಳಿಕೊಂಡ. ಮತ್ತೆ ಬೀಗ. ಡ್ರಮ್ ಬಾರಿಸುವ ಸ್ರೆಚ್ಕೊನನ್ನು ಯಾಕೆ ಹೊರಗೆ ಹಾಕಿದ್ದು ಎಂದು ಕೇಳಿದರೆ ಅವನಿಗೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಅವನು ನಗುವ ರೀತಿ ಸರಿಯಿರಲಿಲ್ಲ.

ಲುಬ್ಲಿಯಾನಾದಿಂದ ಸ್ಕೋಪ್ಯೆವರೆಗೆ ಸ್ಕೆಲಾ ನುಡಿಸದ ಊರಿರಲಿಲ್ಲ. ಪತ್ರಿಕೆಗಳು ಅವನನ್ನು ಕಟ್ಟುನಿಟ್ಟಿನ ನಾಯಕ ಎಂದು ಬರೆದವು, ಅವನಿಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು. ಆಮೇಲೆ ದೇಶ ಒಡೆದು ಆ ಊರುಗಳೆಲ್ಲ ಗಡಿಯಾಚೆ ಉಳಿದವು. ಪೆಟ್ರೋಲ್ ಸಿಗದ ವರ್ಷಗಳಲ್ಲಿ ಮದುವೆಗಳಲ್ಲಿ ನುಡಿಸಿದ್ದಾಯಿತು. ಹುಡುಗರು ಬಂದರು, ಹೋದರು. ಎಲ್ಲ ಕಾಲಕ್ಕೂ ಎಡಗಡೆ ನಿಂತು ಮುಖ್ಯ ಗಿಟಾರ್ ನುಡಿಸಿದವನು ತಿಹೊಮಿರ್ ಒಬ್ಬನೇ. ಆ ರೆಕಾರ್ಡಿನ ಸಮಯದಲ್ಲಿ ಅವನೂ ಸೈನ್ಯದಲ್ಲಿದ್ದ, ಅವನ ಕೈ ಶುದ್ಧ. ಮೇಲಾಗಿ ಕುಮ್‌ನನ್ನು ಹೊರಗೆ ಹಾಕಲಾಗದು.

ಹಾಗಾಗಿ ಈ ಸಲ ಸಂಶಯ ಬಂದಾಗ ನೆಗೊವನ್‌ಗೆ ತಾನು ನಿಂತ ನೆಲವೇ ಜರುಗಿದಂತಾಯಿತು. ಕೋಟೆಯಲ್ಲಿ ಸ್ಕೆಲಾ ತನ್ನನ್ನು ಬಿಟ್ಟು ನುಡಿಸಿದರೆ ಅವನ ಪಾಲಿಗೆ ಉಳಿಯುವುದೇನು? ಮೂರು ಸಂಜೆಯ ಗಿಟಾರ್ ಪಾಠ.

*

ಶನಿವಾರ ಅವನು ಕಾರಿನ ಹಿಂದಿನ ಚಕ್ರದ ಗಾಳಿ ತಾನೇ ಬಿಟ್ಟುಕೊಂಡು ಸ್ರೆಚ್ಕೊನ ಟೈರ್ ಅಂಗಡಿಗೆ ಹೋದ. ಸ್ರೆಚ್ಕೊ ಈಗ ದಪ್ಪಗಾಗಿದ್ದ. ಎಣ್ಣೆಯಾದ ಕೈಯನ್ನು ಹೊಟ್ಟೆಗೇ ಒರೆಸಿಕೊಂಡು ಹತ್ತಿರ ಬಂದ.

"ಓಹೋ, ಬಾಸ್. ಪಂಕ್ಚರ್ ಆಗಿರೋದು ಟೈರಾ, ಮನಸ್ಸಾ?"

"ಟೈರು."

"ಟೈರಾದರೆ ರಿಪೇರಿ ಮಾಡ್ತೀನಿ." ಬಗ್ಗಿ ನೋಡಿದ. ಚಕ್ರವನ್ನು ಒಂದು ಸುತ್ತು ತಿರುಗಿಸಿದ. "ಇದಕ್ಕೆ ಏನೂ ಆಗಿಲ್ವಲ್ಲಪ್ಪ. ಯಾರೋ ಗಾಳಿ ಬಿಟ್ಟಿದಾರೆ. ಶತ್ರುಗಳಿರಬೇಕು."

"ಇರಬಹುದು."

"ನಿನಗೆ ಕಡಿಮೆನಾ ಮಾರಾಯ. ನಮ್ಮೂರಿನ ಅರ್ಧ ಜನ ನಿನ್ನ ಬ್ಯಾಂಡಲ್ಲಿದ್ದೋರೇ." ಗಾಳಿ ತುಂಬುತ್ತ ಅವನು ನಕ್ಕ, ಅದೇ ಹಳೆಯ ನಗು.

ನೆಗೊವನ್ ಗೋಡೆಯ ಕಡೆ ನೋಡುತ್ತ, ಏನೂ ಅಲ್ಲದ ಮಾತಿನ ಹಾಗೆ ಕೇಳಿದ. "ಡ್ರಮ್ ಮುಟ್ತೀಯಾ ಈಗಲೂ?"

ಗಾಳಿಯ ಸದ್ದು ನಿಂತಿತು. "ಆಗೊಮ್ಮೆ ಈಗೊಮ್ಮೆ. ಯಾಕೆ?"

"ಸುಮ್ಮನೆ."

"ನೀನು ಸುಮ್ಮನೆ ಕೇಳೋನಲ್ಲ ಬಾಸ್." ಸ್ರೆಚ್ಕೊ ಕೊಳವೆ ಸುತ್ತಿ ಗೋಡೆಗೆ ನೇತುಹಾಕಿದ. ಹಣ ತೆಗೆದುಕೊಳ್ಳಲಿಲ್ಲ. "ಗಾಳಿಗೆ ಏನು ಕೊಡ್ತೀಯ, ಹೋಗು. ಮಂಗಳವಾರ ಸಿಗೋಣ."

ನೆಗೊವನ್ ಕಾರಿನ ಬಾಗಿಲು ಹಿಡಿದು ನಿಂತ. "ಮಂಗಳವಾರ?"

"ಸಂತ ಲೂಕ," ಎಂದ ಸ್ರೆಚ್ಕೊ. ಹೆಚ್ಚು ಹೇಳಿಬಿಟ್ಟೆನೇನೋ ಎಂಬ ಹಾಗೆ ತಿರುಗಿ ಒಳಗೆ ಹೋದ.

ನದಿಯ ದಂಡೆಯಲ್ಲಿ ಕಾರು ನಿಲ್ಲಿಸಿ ನೆಗೊವನ್ ಬಹಳ ಹೊತ್ತು ಕೂತ. ಡ್ಯಾನ್ಯೂಬಿನ ಮೇಲೆ ಮರಳು ತುಂಬಿದ ದೋಣಿಯೊಂದು ಹೋಗುತ್ತಿತ್ತು. ಸ್ರೆಚ್ಕೊ ಕುಮ್‌ನ ಮನೆಗೆ ಸ್ಲಾವಾಕ್ಕೆ ಹೋಗುತ್ತಾನೆ. ತಾನು ಬೀಗ ಬದಲಿಸಿ ಕಳಿಸಿದವನು ತಿಹೊಮಿರ್‌ನ ಮೇಜಿಗೆ ಕೂರುತ್ತಾನೆ. ಯಾವಾಗಿನಿಂದ? ಸಂಜೆಯೇ ಬಾ ಅಂದದ್ದು ಯಾಕೆ? ಎಲ್ಲರೂ ಸೇರಿ, ಹಬ್ಬದ ಹೊತ್ತಿನಲ್ಲಿ, ಎದುರು ಮಾತಾಡಲಾಗದ ಜಾಗದಲ್ಲಿ ವಿಷಯ ಹೇಳುವುದಕ್ಕೆ. ನೆಗೊವನ್, ನಿನಗೆ ವಯಸ್ಸಾಯಿತು, ಧ್ವನಿ ಹೋಯಿತು, ನಾವು ನಾವೇ ನುಡಿಸುತ್ತೇವೆ, ನೀನು ಮುಂದಿನ ಸಾಲಿನಲ್ಲಿ ಕೂತು ಕೇಳು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬುದು ಅವನಿಗೂ ಗೊತ್ತಿತ್ತು. ಆದರೆ ಕೆಲವು ವಸ್ತು ನಿಜವಾಗಿಯೂ ಹಳದಿಯೇ ಇರುತ್ತವಲ್ಲ, ಎಂದುಕೊಂಡ.

*

ಮಂಗಳವಾರ ಸಂಜೆ ಯಾಗೊದಾ ತಲೆನೋವೆಂದು ತಿಹೊಮಿರ್‌ಗೆ ಫೋನ್ ಮಾಡಿ ಹೇಳಿ ಮನೆಯಲ್ಲೇ ಉಳಿದಳು. "ವೈನ್ ಬಾಟಲಿ ತಗೊಂಡು ಹೋಗು. ಬಾಯಿ ಮಾತ್ರ ಮನೇಲೇ ಬಿಟ್ಟು ಹೋಗು," ಎಂದಳು.

ತಿಹೊಮಿರ್‌ನ ಮನೆಯ ಬಾಗಿಲು ತೆರೆದೇ ಇತ್ತು. ಮುಂದಿನ ಕೋಣೆಯಲ್ಲಿ ಎತ್ತರದ ಮೇಣದಬತ್ತಿ ಉರಿಯುತ್ತಿತ್ತು. ಪಕ್ಕದಲ್ಲಿ ಕತ್ತರಿಸಿ ಕೆಂಪು ವೈನು ಸುರಿದ ಹಬ್ಬದ ರೊಟ್ಟಿ. ಉದ್ದದ ಮೇಜಿನ ಸುತ್ತ ಅಕ್ಕಪಕ್ಕದವರು, ನಂಟರು. ಕೊನೆಯಲ್ಲಿ, ಕಿಟಕಿಯ ಕೆಳಗೆ ಒಂದೇ ಸಾಲಿನಲ್ಲಿ ಸ್ರೆಚ್ಕೊ, ಬೋಳಾದ ಗ್ರುಯಾ, ಮತ್ತು ಊರುಗೋಲನ್ನು ಗೋಡೆಗೆ ಒರಗಿಸಿಕೊಂಡ ಎಮಿಲ್. ಅವರ ಹಿಂದೆ ಗೋಡೆಗೆ ಎರಡು ಗಿಟಾರ್ ಒರಗಿಸಿದ್ದವು.

ಅವನು ಒಳಗೆ ಬಂದೊಡನೆ ಮಾತು ತಗ್ಗಿತು. ಅದೂ ಅವನ ಲೆಕ್ಕಕ್ಕೆ ಸೇರಿತು.

ಎಂಬತ್ತು ದಾಟಿದ ವಿದೋಸಾವಾ ಬೆಳ್ಳಿಯ ಬಟ್ಟಲು ಹಿಡಿದು ಹತ್ತಿರ ಬಂದಳು. ಬೇಯಿಸಿ, ಅಕ್ರೋಟಿನ ಪುಡಿ, ಸಕ್ಕರೆ ಕಲಸಿದ ಗೋಧಿ. ಸ್ಲಾವಾ ಮನೆಗೆ ಬಂದವರು ಕೂರುವ ಮೊದಲು ಒಂದು ಚಮಚ ಅದನ್ನು ತಿನ್ನಬೇಕು.

"ಬಾ ಮಗಾ. ತಗೋ."

"ಆಮೇಲೆ ತಾಯಿ."

"ಇದಕ್ಕೆ ಆಮೇಲೆ ಅನ್ನೋದಿಲ್ಲ ಮಗಾ. ಸತ್ತೋರ ಹೆಸರಿಗೂ ಇದೆ ಇದು, ಇರೋರ ಹೆಸರಿಗೂ ಇದೆ."

"ಆಮೇಲೆ," ಎಂದ ನೆಗೊವನ್. ಮುದುಕಿ ಬಟ್ಟಲು ಹಿಡಿದ ಹಾಗೇ ನಿಂತಳು. ಮೇಜಿನ ಸುತ್ತ ಯಾರೋ ಫೋರ್ಕು ಕೆಳಗಿಟ್ಟ ಸದ್ದು.

ತಿಹೊಮಿರ್ ವೈನಿನ ಹೂಜಿ ಹಿಡಿದು ನಿಂತಿದ್ದ. ಮನೆಯ ಯಜಮಾನ ತನ್ನ ಸ್ಲಾವಾದಲ್ಲಿ ಕೂರುವುದಿಲ್ಲ. ಬೆಳಿಗ್ಗೆಯಿಂದ ನಿಂತೇ ಬಡಿಸುತ್ತಾನೆ. ಅವನ ಮುಖ ದಣಿದಿತ್ತು. "ಬಾ ಕುಮೆ," ಎಂದ. "ನಿನ್ನ ಜಾಗ ಇಲ್ಲಿ." ಎಮಿಲ್‌ನ ಪಕ್ಕದ ಕುರ್ಚಿ ಎಳೆದ.

ನೆಗೊವನ್ ಕೂತ. ಎಮಿಲ್ ಮೆಲ್ಲಗೆ, "ಚೆನ್ನಾಗಿದ್ದೀಯಾ?" ಎಂದ. ಅವನು ಕುರ್ಚಿಯನ್ನು ಸ್ವಲ್ಪ ದೂರ ಸರಿಸಿಕೊಂಡ. ಎಲೆಕೋಸಿನಲ್ಲಿ ಸುತ್ತಿ ಬೇಯಿಸಿದ ಮಾಂಸದ ತಟ್ಟೆ ಮುಂದೆ ಬಂತು. ಅದನ್ನೂ ಮುಟ್ಟಲಿಲ್ಲ.

"ಈ ಮೂವರು ಇಲ್ಲಿ ಎಷ್ಟು ವರ್ಷದಿಂದ ಬರ್ತಿದಾರೆ?" ಎಂದು ಕೇಳಿದ.

"ನಿನ್ನ ಬ್ಯಾಂಡಲ್ಲಿದ್ದಾಗಿನಿಂದ," ಎಂದಳು ವಿದೋಸಾವಾ. "ನೀನು ಮಧ್ಯಾಹ್ನ, ಇವರು ಸಂಜೆ. ಬಂದೋರನ್ನ ಬರಬೇಡಿ ಅನ್ನೋಕಾಗತ್ತಾ?"

"ನನಗೆ ಯಾರೂ ಹೇಳಲಿಲ್ಲ."

"ಹೇಳಿದ್ರೆ ನೀನು ಈ ಮನೆ ಬೀಗಾನೂ ಬದಲಾಯಿಸ್ತಿದ್ದೆ," ಎಂದ ಸ್ರೆಚ್ಕೊ. ಒಂದಿಬ್ಬರು ನಕ್ಕರು. ಗ್ರುಯಾ ನಗಲಿಲ್ಲ.

ಆ ನಗು ನೆಗೊವನ್‌ಗೆ ಸಾಕಾಯಿತು. ಎದ್ದು ನಿಂತ. ಅವನ ಧ್ವನಿ ಒಡೆದಿತ್ತು, ಆದರೆ ವೇದಿಕೆಯ ಮೇಲಿನ ಹಾಗೆ ಕೋಣೆಯನ್ನೆಲ್ಲ ತುಂಬಿತು.

"ನಾನು ಪೋಸ್ಟರ್ ನೋಡಿದೀನಿ ತಿಹೊಮಿರ್. ಕೋಟೆ, ಜೂನು, ಇವರ ಮುಖ. ನನ್ನ ಹಾಡು, ನಾನಿಟ್ಟ ಹೆಸರು. ಅವತ್ತು ರೇಡಿಯೊದಲ್ಲಿ ಕೇಳಿದೆ. ಇವತ್ತು ಕರೆಸಿ ಕೂರಿಸಿ ತೋರಿಸ್ತಿದೀಯ. ಅವತ್ತಿನೋರಿಗೆ ಇಷ್ಟು ಧೈರ್ಯ ಇರಲಿಲ್ಲ. ನನ್ನ ಕಣ್ಣು ನೋಡಿ ಹೇಳು, ನನ್ನ ಬೆನ್ನ ಹಿಂದೆ ಇವರ ಜೊತೆ ಮಾತಾಡಿಲ್ಲ ಅಂತ."

ತಿಹೊಮಿರ್ ಅವನ ಕಣ್ಣು ನೋಡಿದ. "ನಿನ್ನ ಲೋಟ ಖಾಲಿ ಇದೆ ಕುಮೆ," ಎಂದು ಹೂಜಿ ಬಗ್ಗಿಸಿ ತುಂಬಿದ. ಮೇಜುಬಟ್ಟೆಗೆ ಒಂದು ಹನಿ ಬಿತ್ತು.

"ಹೇಳೋ."

"ಊಟ ಮಾಡು. ಅಮ್ಮ ಬೆಳಿಗ್ಗೆಯಿಂದ ಒಲೆ ಮುಂದೆ ನಿಂತಿದಾಳೆ."

ಸ್ರೆಚ್ಕೊ ಅರ್ಧ ಎದ್ದ. "ಲೋ ನೆಗೊವನ್, ನೀನು..." ತಿಹೊಮಿರ್ ಅವನ ಭುಜದ ಮೇಲೆ ಕೈ ಇಟ್ಟು ಕೂರಿಸಿದ. "ಇವತ್ತು ಬೇಡ. ನನ್ನ ಮನೇಲಿ ಬೇಡ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲಾದರೂ ಮುಟ್ಟಿ ನೋಡ್ಕೊತಾರೆ," ಎಂದ ನೆಗೊವನ್. "ನೀನು ಅದನ್ನೂ ಮಾಡಲ್ಲ. ಸರಿ. ನಾಳೆ ಬೆಳಿಗ್ಗೆ ದೆಸಾಂಕಾ ಹತ್ತಿರ ಹೋಗ್ತೀನಿ. ಸ್ಕೆಲಾ ಹೆಸರಲ್ಲಿ ನನ್ನನ್ನ ಬಿಟ್ಟು ಯಾರೂ ನುಡಿಸೋಕಾಗಲ್ಲ ಅಂತ ಬರೆದುಕೊಡ್ತೀನಿ. ನೀನೂ ಸೇರಿ. ಬ್ಯಾಂಡಿಂದ ನಿನ್ನನ್ನ ತೆಗೆದೆ. ಎಲ್ಲರ ಮುಂದೆ ಹೇಳ್ತಿದೀನಿ. ಬೀಗದ ಮೂಲಕ ಅಲ್ಲ."

ವಿದೋಸಾವಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ನೆಗೊವನ್ ಟೋಪಿ ತೆಗೆದುಕೊಂಡು ಹೊರಟ.

ತಿಹೊಮಿರ್ ಹೂಜಿ ಮೇಜಿನ ಮೇಲಿಟ್ಟು ಅವನನ್ನು ಬಾಗಿಲವರೆಗೆ ಬಿಡಲು ಬಂದ. ಅಂಗಳದ ದೀಪದ ಕೆಳಗೆ ನಿಂತು ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟ. ಹಬ್ಬದ ರೊಟ್ಟಿ, ಎರಡು ತುಂಡು ಕೇಕು. "ಯಾಗೊದಾಗೆ ಕೊಡು. ತಲೆನೋವಂತಲ್ಲ." ಆಮೇಲೆ, ಬೇರೆ ಯಾವ ಅತಿಥಿಗಾದರೂ ಹೇಳುವ ಹಾಗೆ, "ಬಂದದ್ದು ಸಂತೋಷ," ಎಂದ.

*

"ಏನಂದ ಅವನು?" ಯಾಗೊದಾ ಕೇಳಿದಳು. ಪೊಟ್ಟಣ ಇನ್ನೂ ಬಿಚ್ಚಿರಲಿಲ್ಲ.

"ಏನೂ ಅನ್ನಲಿಲ್ಲ. ತಪ್ಪಿದ್ದೋನು ಏನಂತಾನೆ?"

"ಸ್ಲಾವಾ ದಿನ ಮನೆ ಯಜಮಾನ ಅತಿಥಿಗೆ ಎದುರು ಮಾತಾಡ್ತಾನಾ? ನಮ್ಮಪ್ಪ ನಿನ್ನ ಸ್ಲಾವಾದಲ್ಲಿ, ನಿನ್ನ ಮೇಜಲ್ಲಿ ಕೂತ್ಕೊಂಡು, ಕೂದಲು ಬಿಟ್ಟ ಕೋತಿಗೆ ಮಗಳನ್ನ ಕೊಟ್ಟೆ ಅಂದಾಗ ನೀನೇನು ಮಾಡಿದೆ?"

ನೆಗೊವನ್ ಟೋಪಿ ತೆಗೆದು ಮೊಳೆಗೆ ಹಾಕಿದ.

"ಇನ್ನೊಂದು ಲೋಟ ಸುರಿದೆ. 'ಊಟ ಮಾಡಿ ಮಾವ' ಅಂದೆ. ನನಗೆ ಚೆನ್ನಾಗಿ ನೆನಪಿದೆ, ಅವತ್ತೇ ನಿನ್ನ ಬಗ್ಗೆ ನನಗೆ ನಂಬಿಕೆ ಬಂದದ್ದು." ಪೊಟ್ಟಣ ಬಿಚ್ಚಿ ರೊಟ್ಟಿಯ ಚೂರು ಮುರಿದು ಬಾಯಿಗೆ ಹಾಕಿಕೊಂಡಳು. "ನಾಳೆ ಎಲ್ಲಿಗೂ ಹೋಗಬೇಡ."

ಹೋಗಬಾರದು ಎಂದೇ ಮಲಗಿದ. ಬೆಳಿಗ್ಗೆ ಎದ್ದಾಗ ಕಣ್ಣ ಮುಂದೆ ಬಂದದ್ದು ಗೋಡೆಗೆ ಒರಗಿದ್ದ ಎರಡು ಗಿಟಾರ್. ಹೋದ.

ದೆಸಾಂಕಾ ಅವನು ಹೇಳಿದ್ದನ್ನೆಲ್ಲ ಕೋಟು ಬಿಚ್ಚದೆ ಕೇಳಿದಳು. ಆಮೇಲೆ ಬಿಚ್ಚಿ ಗೂಟಕ್ಕೆ ಹಾಕಿದಳು.

"ನೀವು ಬರೆದುಕೊಡೋದು ಏನೂ ಬೇಕಾಗಿಲ್ಲ. ನಿಮ್ಮನ್ನ ಬಿಟ್ಟು ಅನ್ನೋ ಮಾತೇ ಇಲ್ಲಿ ಬಂದಿಲ್ಲ. ಹಳೆಯ ಐದು ಜನಾನ ಒಟ್ಟಿಗೆ ನೋಡೋಕೆ ಊರು ಆಸೆಪಡುತ್ತೆ ಅಂತ ನಾನೇ ತಿಹೊಮಿರ್‌ನ ಕೇಳಿದೆ. ಅವರು ಏನಂದ್ರು ಗೊತ್ತಾ? ನೀವು ಅವರ್‍ಯಾರನ್ನೂ ಕೇಳಬೇಡಿ, ನಾನೂ ಕೇಳಲ್ಲ. ಬ್ಯಾಂಡು ನೆಗೊವನ್‌ದು, ಕೇಳೋದಾದ್ರೆ ಅವನೇ ಕೇಳಬೇಕು ಅಂದ್ರು."

"ಹಾಗಾದರೆ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಆಗಲ್ಲ ಅಂತಿದ್ರಿ. ಅಂತಿರಲಿಲ್ವಾ?" ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. "ಸಂತ ಲೂಕನ ದಿನ ಎಲ್ಲರೂ ಒಂದೇ ಮೇಜಿಗೆ ಕೂರಲಿ, ಹಬ್ಬದ ದಿನ ಯಾರೂ ಜಗಳ ಆಡಲ್ಲ, ಎರಡು ಹಾಡು ಹೇಳಿದ್ರೆ ಅವನೇ ಕರೀತಾನೆ, ಅಲ್ಲಿವರೆಗೆ ಪೋಸ್ಟರ್ ಮುಚ್ಚಿಡಿ ಅಂದ್ರು. ನನಗೆ ಮುಚ್ಚಿಡೋಕೆ ಬರಲ್ಲ. ನೀವು ನೋಡಿಬಿಟ್ರಿ. ಅವತ್ತೇ ಅವರಿಗೆ ಹೇಳಿದೆ. ಹಾಗಾದರೆ ಫೋನ್ ಮಾಡಿ ಕರೀತೀನಿ, ಇಲ್ಲದಿದ್ರೆ ಅವನು ಬರಲ್ಲ ಅಂದ್ರು."

ನೆಗೊವನ್ ಟೋಪಿ ಕೈಯಲ್ಲಿ ಹಿಡಿದು ಎದ್ದ. ಬಾಗಿಲು ಯಾವ ಕಡೆ ತೆರೆಯುತ್ತದೆಂದು ಒಂದು ಕ್ಷಣ ತಿಳಿಯಲಿಲ್ಲ.

*

ತಿಹೊಮಿರ್ ಅಂಗಳದಲ್ಲಿದ್ದ. ಅಕ್ಕಪಕ್ಕದ ಮನೆಗಳಿಂದ ತಂದ ಕುರ್ಚಿ, ಬೆಂಚುಗಳನ್ನು ವಾಪಸು ಕೊಡಲು ಜೋಡಿಸುತ್ತಿದ್ದ. ಒಳಗೆ ವಿದೋಸಾವಾ ಪಾತ್ರೆ ತೊಳೆಯುವ ಸದ್ದು.

"ಕುಮೆ," ಎಂದ ನೆಗೊವನ್.

"ಆ ತುದಿ ಹಿಡಿ." ಇಬ್ಬರೂ ಸೇರಿ ಉದ್ದದ ಬೆಂಚನ್ನು ಪಕ್ಕದ ಮನೆಯ ಚಪ್ಪರದ ಕೆಳಗೆ ಇಟ್ಟು ಬಂದರು. ತಿಹೊಮಿರ್ ಒಂದು ಕುರ್ಚಿಯ ಮೇಲೆ ಕೂತ. ನಿನ್ನೆಯೆಲ್ಲ ನಿಂತ ಕಾಲು ಚಾಚಿದ.

"ದೆಸಾಂಕಾ ಹತ್ತಿರ ಹೋಗಿದ್ದೆ," ಎಂದ ನೆಗೊವನ್.

"ಹೋಗ್ತೀಯ ಅಂತ ಗೊತ್ತಿತ್ತು."

"ನಿನ್ನೆ ಅಂದ ಮಾತು ವಾಪಸ್ ತಗೋತೀನಿ. ಅವರ ಮುಂದೆನೇ ತಗೋತೀನಿ. ಮೂವರ ಮನೆಗೂ ಹೋಗ್ತೀನಿ. ನಿಮ್ಮಮ್ಮನ ಕಾಲು ಹಿಡೀತೀನಿ."

"ಅಮ್ಮನ ಹತ್ತಿರ ಹೋಗು. ಆ ಗೋಧಿ ಮುಟ್ಟದೇ ಇದ್ದದ್ದಕ್ಕೆ ಅವಳಿಗೆ ತುಂಬಾ ನೋವಾಗಿದೆ. ಅಪ್ಪನ ಹೆಸರಿಗೆ ಮಾಡಿದ್ದು." ತಿಹೊಮಿರ್ ಅಂಗೈಯಿಂದ ಮುಖ ಉಜ್ಜಿಕೊಂಡ. "ನನ್ನ ಮಾತು ಬೇರೆ. ನಿನ್ನೆ ನಾನು ಉತ್ತರ ಕೊಡೋ ಹಾಗಿರಲಿಲ್ಲ, ನೀನು ಅತಿಥಿ. ಇವತ್ತು ಹೇಳ್ತೀನಿ ಕೇಳು. ನಿನ್ನೆ ನೀನು ನನ್ನನ್ನ ತೆಗೆದಾಗ ಸಿಟ್ಟು ಬರುತ್ತೆ ಅಂದ್ಕೊಂಡಿದ್ದೆ. ಬರಲಿಲ್ಲ. ಹಗುರ ಅನ್ನಿಸ್ತು."

"ಸುಸ್ತಾಗಿದ್ದೆ. ಅದಕ್ಕೆ."

"ನಾನೂ ಹಾಗೇ ಅಂದ್ಕೊಂಡೆ. ಬೆಳಿಗ್ಗೆ ಎದ್ದ ಮೇಲೂ ಹಾಗೇ ಇತ್ತು. ಇಷ್ಟು ವರ್ಷ, ಯಾರ ಜೊತೆ ಒಂದು ಕಾಫಿ ಕುಡಿದರೂ, ಫೋನ್ ಎತ್ತಿದರೂ, ಇದನ್ನ ನೆಗೊವನ್ ಏನಂತ ತಿಳ್ಕೊತಾನೋ ಅಂತ ಮೊದಲು ಯೋಚನೆ. ಸ್ರೆಚ್ಕೊ ಮಗಳ ಮದುವೆಗೆ ಹೋಗಲಿಲ್ಲ ನಾನು, ಗೊತ್ತಾ? ಎಮಿಲ್ ಆಸ್ಪತ್ರೇಲಿದ್ದಾಗ ಕತ್ತಲಾದ ಮೇಲೆ ನೋಡೋಕೆ ಹೋದೆ, ಕಳ್ಳನ ಹಾಗೆ. ಏನೂ ಕದಿಯದೆ ಕಳ್ಳನ ಹಾಗೆ ಬದುಕೋದು ಕಷ್ಟ ಕಣೋ."

"ಇನ್ನು ಹಾಗಿರಲ್ಲ."

"ಇರುತ್ತೆ. ನಿನ್ನ ಕೈಲೂ ಇಲ್ಲ ಅದು." ತಿಹೊಮಿರ್ ಎದ್ದು ಮತ್ತೆರಡು ಕುರ್ಚಿ ಎತ್ತಿಕೊಂಡ. "ಕುಮ್‌ತನ ಇದೆ. ಅದನ್ನ ನೀನೂ ತೆಗೆಯೋಕಾಗಲ್ಲ, ನಾನೂ ಬಿಡೋಕಾಗಲ್ಲ. ನಿನ್ನ ಮಗಳಿಗೆ ನಾನಿಟ್ಟ ಹೆಸರು ನಾನು ಸಾಯೋವರೆಗೂ ನನ್ನ ಜವಾಬ್ದಾರಿ. ಬ್ಯಾಂಡಲ್ಲಿ ಮಾತ್ರ ಇರಲ್ಲ. ನೀನು ತೆಗೆದೆ ಅಂತಲ್ಲ. ನಾನೇ ಹೋಗ್ತಿದೀನಿ. ಕೋಟೆಯಲ್ಲಿ ನೀನು ನುಡಿಸು, ಹೆಸರು ನಿಂದೇ. ನಾನು ಅಡ್ಡ ಬರಲ್ಲ."

ನೆಗೊವನ್ ಒಳಗೆ ಹೋದ. ವಿದೋಸಾವಾ ಅವನನ್ನು ನೋಡಿ ಕೈ ಒರೆಸಿಕೊಂಡು, ಮಾತಿಲ್ಲದೆ ಬಟ್ಟಲಿನ ತಳದಲ್ಲಿ ಉಳಿದಿದ್ದನ್ನು ಚಮಚದಿಂದ ಕೆರೆದು ಕೊಟ್ಟಳು. ಗೋಧಿ ಒಣಗಿ ಗಟ್ಟಿಯಾಗಿತ್ತು. ಅವನು ನಿಂತೇ ತಿಂದ. ಅವಳು ಅವನ ತಲೆಯ ಮೇಲೆ ಕೈ ಇಟ್ಟಳು. ಅದರಿಂದ ಅವನಿಗೆ ಇನ್ನೂ ಕಷ್ಟವಾಯಿತು.

ಅಲ್ಲಿಂದ ನೇರ ಟೈರ್ ಅಂಗಡಿಗೆ ಹೋದ. ಸ್ರೆಚ್ಕೊ ಜಾಕಿಯ ಮೇಲೇರಿಸಿದ ಲಾರಿಯೊಂದರ ಕೆಳಗಿದ್ದ, ಕಾಲು ಮಾತ್ರ ಕಾಣುತ್ತಿತ್ತು. ನೆಗೊವನ್ ಆ ಬೂಟುಗಳ ಮುಂದೆ ನಿಂತು ತಪ್ಪಾಯಿತೆಂದ. ಆಮೇಲೆ ಕೇಳಿದ. "ಜೂನ್‌ನಲ್ಲಿ ಡ್ರಮ್ ಬಾರಿಸ್ತೀಯಾ? ನಾನು ಕೇಳ್ತಿದೀನಿ."

ಲಾರಿಯ ಕೆಳಗೆ ಸ್ಪಾನರಿನ ಸದ್ದು ನಿಂತಿತು. "ತಿಹೊಮಿರ್ ಇರ್ತಾನಾ?"

"ಇಲ್ಲ."

ಸ್ರೆಚ್ಕೊ ಹೊರಗೆ ಜಾರಿ ಬಂದು ಎದ್ದು ಕೂತ. ಈ ಸಲ ನಗಲಿಲ್ಲ. "ಹಾಗಾದರೆ ಇಲ್ಲ ಬಾಸ್. ಕ್ಷಮೆ ಕೇಳಿದೆಯಲ್ಲ, ಅದು ಆಯ್ತು, ಅದಕ್ಕೆ ಒಂದು ಗುಟುಕು ಕುಡಿಯೋಣ ಬೇಕಾದ್ರೆ. ಡ್ರಮ್ ಇಲ್ಲ. ಗ್ರುಯಾನೂ ಬರಲ್ಲ, ಎಮಿಲ್ಲೂ ಬರಲ್ಲ. ಸುಮ್ಮನೆ ಅಲ್ಲಿವರೆಗೂ ಹೋಗಬೇಡ."

"ನಿನಗೆ ಹೇಗೆ ಗೊತ್ತು?" ಎಂಬ ಪ್ರಶ್ನೆ ನೆಗೊವನ್‌ನ ನಾಲಗೆಯ ತುದಿಗೆ ಬಂದು ನಿಂತಿತು.

ಕೇಳಲಿಲ್ಲ. ಕಾರಿಗೆ ಬಂದು ಕೂತು ಬಾಗಿಲು ಹಾಕಿಕೊಂಡ. ಮೂವರೂ ಮಾತಾಡಿಕೊಂಡಿದ್ದಾರೆ, ಎಂದು ಮನಸ್ಸು ತನ್ನ ಹಳೆಯ ಕೆಲಸ ಶುರುಮಾಡಿತು. ನಿನ್ನೆ ನಾನು ಹೊರಟ ಮೇಲೆ ಕೂತು ಮಾತಾಡಿಕೊಂಡಿದ್ದಾರೆ. ತಿಹೊಮಿರ್ ಇಷ್ಟು ಸಲೀಸಾಗಿ ಬಿಟ್ಟುಕೊಟ್ಟನಲ್ಲ, ಅದೂ ಮೊದಲೇ ತೀರ್ಮಾನವಾಗಿತ್ತೋ ಏನೋ. ಅವನು ಎರಡೂ ಕೈಯಿಂದ ಸ್ಟಿಯರಿಂಗ್ ಹಿಡಿದು, ಆ ಯೋಚನೆ ತಲೆಯೊಳಗೆ ಮೂಲೆಮೂಲೆ ಮೂಸುತ್ತ ಓಡಾಡುವುದನ್ನು ನೋಡುತ್ತ ಕೂತ. ಹೌದು, ಮಾತಾಡಿಕೊಂಡಿರಬೇಕು. ಗೆಳೆಯರು ಮಾತಾಡಿಕೊಳ್ಳುತ್ತಾರೆ.

ಸ್ರೆಚ್ಕೊ ಮತ್ತೆ ಲಾರಿಯ ಕೆಳಗೆ ಹೋಗಿದ್ದ. ನೆಗೊವನ್ ಕಾರು ಚಾಲೂ ಮಾಡಿದ. ಯಾರ ಮನೆಗೆ ಹೋಗುವುದೆಂದು ತಿಳಿಯದೆ, ಹಿಂದಿನಿಂದ ಬಂದ ಬಸ್ಸು ಹಾರ್ನ್ ಹೊಡೆಯುವವರೆಗೂ ಅಲ್ಲೇ ಇದ್ದ.